ಕೂಸಿಗೆ ಮಾತ್ರ ಕೇಳಿದ ಸದ್ದು

ಗದಗ, ಕ್ರಿ.ಶ. ೨೨೧೪, ಫೆಬ್ರವರಿ ೩೦

ಇನ್ನೂರು ವರ್ಷದ ಹಿಂದೆ ಮನೆಮನೆಗೆ ಸ್ಪೀಕರು ಕೂರಿಸುತ್ತಿರುವ ಹಿರಿಯರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗಲಾರದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿ, ಉಳಿದ ಐದನ್ನು ವರ್ಷದ ಕೊನೆಗೆ ರಜೆಯೆಂದು ಇಟ್ಟಿದ್ದಾರೆ. ನನ್ನ ಮಾತೂ ಅಲ್ಲಲ್ಲಿ ವಿಚಿತ್ರವಾಗಿ ಕಂಡೀತು, ಮನ್ನಿಸಿ. ದಣಿದಿದ್ದೇನೆ, ತಿದ್ದಿ ಬರೆಯುವ ತ್ರಾಣವಿಲ್ಲ.

ನಾನು ನೀಲಗಂಗಾ ಹೊಂಬಳ. ಮೂವತ್ತೊಂದು ವರ್ಷದಿಂದ ನಾದಗೋಡೆಗಳನ್ನು ಹದ ಮಾಡುವ ಕೆಲಸದಲ್ಲಿದ್ದೇನೆ. ನಾದಗೋಡೆ ಎಂದರೆ ಗೋಡೆಯೇ ಸ್ಪೀಕರು. ಮನೆ ಕಟ್ಟುವಾಗಲೇ ಗಿಲಾವಿನೊಳಗೆ ತೆಳ್ಳನೆಯ ಹಾಳೆ ಸೇರಿಸುತ್ತಾರೆ. ಬೆಳಗಿನ ಸುದ್ದಿ, ಅಡುಗೆ ಹೊತ್ತಿನ ಹಾಡು, ದೂರದ ನೆಂಟರ ಮಾತು ಎಲ್ಲ ಅದರಿಂದಲೇ ಬರುತ್ತದೆ. ಮನೆಯವರು ತಗ್ಗಿಸಬಹುದು, ಪೂರ್ತಿ ಆರಿಸಲು ಬರುವುದಿಲ್ಲ. ಅದರ ತುತ್ತತುದಿಯ ಸಣ್ಣ ಕೀಚಲು ಸದ್ದಿಗೆ ನಾವು ಮೇಲ್ದನಿ ಎನ್ನುತ್ತೇವೆ. ಹಾಡು ನಿಂತಾಗಲೂ ಗೋಡೆ ಅದನ್ನು ಬಿಡುತ್ತಲೇ ಇರುತ್ತದೆ. ಮೂವತ್ತು ದಾಟಿದ ಬಹಳ ಜನರಿಗೆ ಅದು ಕೇಳುವುದಿಲ್ಲ. ಆದರೂ ಅದಿದ್ದರೆ ಹಾಡು ಹೆಚ್ಚು ಹಿತವೆಂದು ಮಾರುವವರು ಹೇಳಿದರು, ಕೊಳ್ಳುವವರು ಒಪ್ಪಿದರು. ನಾನು ಮೀಟರು ನೋಡಿ ಸಹಿ ಹಾಕುತ್ತ ಬಂದೆ. ಮೀಟರು ಅಳೆಯುತ್ತಿದ್ದದ್ದು ನಲವತ್ತು ವರ್ಷದವರ ಕಿವಿಗೆ ಕೇಳುವಷ್ಟನ್ನು ಮಾತ್ರ.

ಎರಡು ವರ್ಷದ ಹಿಂದೆ ಬೆಟಗೇರಿಯ ಒಂದು ಮನೆಯಿಂದ ಕರೆ ಬಂತು. ಕರೆದವಳು ದಾಕ್ಷಾಯಣಿ, ಎಂಟು ತಿಂಗಳ ಕೂಸಿನ ತಾಯಿ. ಅವಳ ದೂರು ಗೋಡೆಯ ಮೇಲಲ್ಲ, ಅತ್ತೆಯ ಮೇಲಿತ್ತು.

"ಒಂದಿನಾನೂ ನಮ್ ಜೋಡಿ ಒಳಗ ಕುಂದ್ರಂಗಿಲ್ರೀ. ಕೂಸನ್ನ ಎತ್ಕೊಂಡು ಹೊರಗ ಕಟ್ಟಿ ಮ್ಯಾಲ ಹೋಗಿ ಕುಂತುಬಿಡ್ತಾರ. ನಾ ಹಾಡು ಹಚ್ಚೂದು ಅವ್ರಿಗೆ ಸೇರೂದಿಲ್ಲ. ಗ್ವಾಡಿ ಛಲೋ ಐತಿ ಅಂತ ನೀವಽ ಹೇಳ್ರಿ."

ಮೀಟರು ಇಟ್ಟೆ. ಎಲ್ಲ ಸರಿಯಾಗಿತ್ತು. ಹೊರಗೆ ಕಟ್ಟೆಯ ಮೇಲಿದ್ದ ಅತ್ತೆ ಶಾವಂತ್ರವ್ವನಿಗೆ ಹಾಗೆಂದು ಹೇಳಿದೆ.

"ನನಗ ಏನೂ ಕೇಳಂಗಿಲ್ಲವ್ವಾ," ಎಂದಳು ಆಕೆ. "ಆದ್ರ ಈ ಕೂಸು ಒಳಗ ಹೋದ ಕೂಡ್ಲೆ ಹಾಲು ಬಿಡತೈತಿ, ಕಿವಿ ತಿಕ್ಕತೈತಿ. ನೀ ಆ ಡಬ್ಬಿ ನೋಡಬ್ಯಾಡ, ಇದನ್ನ ನೋಡು."

ನಾಲ್ಕು ಮಧ್ಯಾಹ್ನ ನೋಡಿದೆ. ದಾಕ್ಷಾಯಣಿ ನನಗೆ ಬೆನ್ನು ಮಾಡಿ ಹಾಲೂಡಿಸುತ್ತಿದ್ದಳು. ಯಾವಾಗ ಬಿಡುವುದು, ಯಾವಾಗ ತಡೆಯುವುದು ಎಂದು ನಾನು ಚೀಟಿ ಎತ್ತಿ, ಅವರಿಬ್ಬರಿಗೂ ಹೇಳದೆ, ಮೇಲ್ದನಿಯನ್ನು ಹತ್ತು ಸಲ ಬಿಟ್ಟೆ, ಹತ್ತು ಸಲ ತಡೆದೆ. ಬಿಟ್ಟಾಗ ಒಂಬತ್ತು ಸಲ ಕೂಸು ಮೊಲೆ ಬಿಟ್ಟು ಅತ್ತಿತು. ತಡೆದಾಗ ಎರಡೇ ಸಲ. ಆ ಮನೆಯ ದೊಡ್ಡವರ ಮೇಲೂ ಇದೇ ಪರೀಕ್ಷೆ ಮಾಡಿದೆ. ಇದೆಯೋ ಇಲ್ಲವೋ ಅವರಿಗೆ ತಿಳಿಯಲೇ ಇಲ್ಲ. ಹೆಚ್ಚಿನ ಹಿತವೂ ಇಲ್ಲ, ನೋವೂ ಇಲ್ಲ.

ಲೆಕ್ಕ ಕೇಳಿ ದಾಕ್ಷಾಯಣಿ ಕೂಸನ್ನು ಎತ್ತಿಕೊಂಡು ಹೊರಗೆ ಅತ್ತೆ ಕೂತಿದ್ದ ಕಟ್ಟೆಗೆ ಬಂದಳು.

"ಅತ್ತಿ, ನಾ ನಿಮಗ ಏನೇನ್ ಅಂದ್ಬಿಟ್ಟೆ."

"ಅದಿರ್ಲಿ. ಕೂಸನ್ನ ಇಲ್ಲಿ ಕೊಡು, ನೀ ಉಣ್ಣು ಹೋಗು," ಎಂದಳು ಮುದುಕಿ.

ಆ ಗೋಡೆಯ ಮೇಲ್ದನಿಯನ್ನು ಅಂದೇ ಕಿತ್ತು ಹಾಕಿದೆ. ಆಮೇಲೆ ಹಿಂದೆ ಸಹಿ ಹಾಕಿದ ಮನೆಗಳಿಗೆ ಒಂದೊಂದಾಗಿ ಹೋಗತೊಡಗಿದೆ. ಕೆಲವರು ಬಾಗಿಲು ತೆರೆಯುತ್ತಾರೆ, ಕೆಲವರು ನನಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ನಾನು ಲೆಕ್ಕ ಕಳಿಸಿದಾಗ, ಒಂದು ಕೂಸಿನ ಅಳುವಿಗೆ ನಿಯಮ ಬದಲಾಗದೆಂದು ನನ್ನ ಕಚೇರಿಯವರು ಬರೆದರು. ಅವರದೂ ಪೂರ್ತಿ ಸುಳ್ಳಲ್ಲ. ಇನ್ನೂ ನೂರು ಕೂಸುಗಳನ್ನು ನೋಡಬೇಕು. ಆದರೆ ನೋಡುವವರು ಯಾರೂ ಇಲ್ಲ, ನನ್ನ ಮೊಣಕಾಲು ಇನ್ನೆಷ್ಟು ಮೆಟ್ಟಿಲು ಹತ್ತೀತೋ ಗೊತ್ತಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದೇ ಬೇಡಿಕೆ. ಯಾವ ಸದ್ದು ಹಿತ, ಯಾವುದು ಅಲ್ಲ ಎಂದು ಗೊತ್ತುಮಾಡುವ ದಿನ ನಿಮ್ಮ ಕಿವಿಯನ್ನಷ್ಟೇ ನಂಬಬೇಡಿ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಅವರ ಮುಖ ನೋಡಿ.

ಕಳೆದ ವಾರ ಮುಳಗುಂದ ನಾಕಾ ಬಳಿಯ ಮನೆಯೊಂದಕ್ಕೆ ಹೋಗಿದ್ದೆ. ಅಲ್ಲಿನ ಹುಡುಗಿ ಮಂದಾರಳಿಗೆ ಹನ್ನೊಂದು ವರ್ಷ. ಓದಲು ಕೂತರೆ ತಲೆನೋವಿನ ನೆವ ಹೇಳುತ್ತಾಳೆಂದು ಅವಳ ಅಪ್ಪ ನಗುತ್ತಿದ್ದ. ಅವಳ ಕೋಣೆಯ ಮೇಲ್ದನಿ ತೆಗೆದೆ. ಅವಳು ಬರೆಯುವುದನ್ನು ನಿಲ್ಲಿಸಿ ಗೋಡೆಯನ್ನೇ ನೋಡಿದಳು.

"ದೊಡ್ಡೋರಿಗೆಲ್ಲಾ ಮೊದ್ಲಿಂದ್ಲೂ ಹಿಂಗಽ ಇತ್ತೇನ್ರೀ?"

ಹೌದು ಎನ್ನಬೇಕಾಯಿತು. ಅವಳು ಪುಸ್ತಕದ ಮೇಲೆ ಕೆನ್ನೆಯಿಟ್ಟು, ಹಾಡುಹಗಲಲ್ಲೇ ನಿದ್ದೆಹೋದಳು.

ನೀಲಗಂಗಾ