ಒಲೆಯಿಂದ ಕಕ್ಕಸಿಗೆ ಎರಡಡಿ ನಾಲ್ಕಿಂಚು

ಕೋಟ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ರವಿಗೆ,

ನಿನ್ನ ಸಕ್ಕರೆ ಈಗ ಎಷ್ಟಿದೆ? ಹೋದ ವಾರ ಫೋನಿನಲ್ಲಿ ಕೇಳಿದಾಗ ‘ಪರವಾಗಿಲ್ಲ’ ಎಂದೆ. ಪರವಾಗಿಲ್ಲ ಎನ್ನುವುದು ಸಂಖ್ಯೆಯಲ್ಲ. ಊಟಕ್ಕೆ ಮೊದಲು ಎಷ್ಟು, ಊಟವಾದ ಮೇಲೆ ಎಷ್ಟು ಎಂದು ಬರೆ. ಕುಸುಮಳ ಭುಜದ ನೋವು ಇಳಿಯಿತೇ? ಇಲ್ಲಿ ನಾವು ಮೂವರೂ ಸೌಖ್ಯ. ಅಮ್ಮನಿಗೆ ಎಂಬತ್ತೊಂದು ತುಂಬಿತು. ಮೊಣಕಾಲಿನ ದೂರು ಬಿಟ್ಟರೆ ಬೇರೇನೂ ಹೇಳುವುದಿಲ್ಲ. ವರ್ಷಕ್ಕೆ ಎರಡು ಸಲ ನಿನ್ನ ಅತ್ತಿಗೆ ಗೋದಾವರಿ ಅವಳನ್ನು ಆಟೋದಲ್ಲಿ ಕುಂದಾಪುರಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿಕೊಂಡು ಬರುತ್ತಾಳೆ.

ಇನ್ನು ಸುದ್ದಿ. ನಿನ್ನೆ ನೋಡಿ ಬಂದ ಗಾಡಿಯೊಳಗಿನ ಕಕ್ಕಸು ಅಡುಗೆಯ ಒಲೆಯಿಂದ ಎರಡು ಅಡಿ ನಾಲ್ಕು ಇಂಚು ದೂರದಲ್ಲಿದೆ. ಅಳೆದವನು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಕುಷ್ಟ. ಟೇಪಿನ ಇನ್ನೊಂದು ತುದಿ ಹಿಡಿದವನು ನಾನು. ನಡುವೆ ಗೋಡೆಯಿಲ್ಲ, ಬಾಗಿಲಿಲ್ಲ, ಹೂವಿನ ಚಿತ್ರವಿರುವ ಒಂದು ಪ್ಲಾಸ್ಟಿಕ್ ಪರದೆ ಇದೆ. ಪರದೆಯ ಕೆಳಗಂಚು ಕಪ್ಪಗಾಗಿ ಅಂಟಂಟಾಗಿತ್ತು. ಅದು ನನ್ನ ಅಂಗೈಗೆ ತಾಗಿತು. ನಿನ್ನೆಯಿಂದ ನಾಲ್ಕು ಸಲ ಕೈ ತೊಳೆದಿದ್ದೇನೆ.

ನೀನು ವಾಟ್ಸ್ಯಾಪಿನಲ್ಲಿ ‘ಎಸ್ ಆರ್ ನೋ?’ ಎಂದು ಕೇಳಿದೆ. ಹದಿನಾಲ್ಕು ಲಕ್ಷದ ಪ್ರಶ್ನೆಗೆ ಒಂದಕ್ಷರದ ಉತ್ತರ ಕಳಿಸಲು ನನ್ನಿಂದ ಆಗಲಿಲ್ಲ. ಮೂವತ್ತೊಂದು ವರ್ಷ ಕೋಟದಿಂದ ಪತ್ರಿಕೆಗೆ ಸುದ್ದಿ ಕಳಿಸಿದವನು ನಾನು. ಕಂಡದ್ದನ್ನು ಕಂಡಹಾಗೆ ಬರೆಯದಿದ್ದರೆ ಊಟ ಸೇರುವುದಿಲ್ಲ. ನಿನ್ನ ಯೋಜನೆ ನನಗೆ ಅರ್ಥವಾಗಿದೆ. ಒಳಗೇ ಮಲಗಿ, ಒಳಗೇ ಅಡುಗೆ ಮಾಡಿಕೊಂಡು ಊರೂರು ತಿರುಗುವ ಕ್ಯಾಂಪರ್ ಗಾಡಿಯೊಂದನ್ನು ಕೊಳ್ಳುವುದು, ಫೆಬ್ರವರಿಯಲ್ಲಿ ರಮ್ಯಶ್ರೀಯ ಮದುವೆಗೆ ಅಮ್ಮನನ್ನು ಮಡಿ ಕೆಡದ ಹಾಗೆ ಡೊಂಬಿವಲಿಯ ನಿಮ್ಮ ಮನೆಗೆ ಕರೆತರುವುದು, ಆಮೇಲೆ ಅದನ್ನು ಮರವಂತೆಯ ಕಡಲ ಬದಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟು ಹಣ ಹಿಂದಕ್ಕೆ ಪಡೆಯುವುದು. ಬಾಡಿಗೆಯ ಮಾತು ಹಾಗಿರಲಿ. ಅಮ್ಮ ಮೊಮ್ಮಗಳ ಮದುವೆಗೆ ಬರುತ್ತಾಳೋ ಇಲ್ಲವೋ ಎಂಬುದೇ ನಿನ್ನ ನಿಜವಾದ ಪ್ರಶ್ನೆ ಎಂದು ನನಗೂ ಗೊತ್ತು.

ಮೊದಲ ತಪ್ಪು ನನ್ನದೇ. ಗಂಗೊಳ್ಳಿಯ ಪಾಂಡುವಿಗೆ ಹಳೆಯ ಗಾಡಿಗಳ ಪರಿಚಯ ಹೆಚ್ಚು ಎಂದು ಫೋನ್ ಮಾಡಿ, ಒಳ್ಳೆಯ ಕ್ಯಾಂಪರ್ ಇದ್ದರೆ ಮನೆಗೇ ತಂದು ತೋರಿಸು ಎಂದೆ. ನಮ್ಮ ಕರಾವಳಿಯಲ್ಲಿ ಕ್ಯಾಂಪರ್ ಎಂದರೆ ಎದುರು ನಾಲ್ಕು ಜನ ಕೂತು ಹಿಂದೆ ಮೀನು ತುಂಬುವ ಗಾಡಿ ಎಂಬುದು ನನಗೆ ಹೊಳೆಯಲೇ ಇಲ್ಲ. ಬುಧವಾರ ಬೆಳಿಗ್ಗೆ ಅಮ್ಮ ತುಳಸಿಗೆ ನೀರು ಹಾಕುತ್ತಿದ್ದಾಗ ಅಂಥದ್ದೇ ಒಂದು ಅಂಗಳಕ್ಕೆ ಬಂದು ನಿಂತಿತು. ಹಿಂದಿನ ಹಲಗೆಯ ಸಂದಿನಿಂದ ಬಂಗುಡೆಯ ನೀರು ತೊಟ್ಟಿಕ್ಕುತ್ತಿತ್ತು. ಪಾಂಡು ಇಳಿದವನೇ, ‘ಹ್ವಾಯ್ ಉರಾಳ್ರೆ, ಈ ಪ್ರಾಯದಂಗೆ ಮೀನ್ ವ್ಯಾಪಾರಕ್ಕೆ ಇಳುದಾ, ಅಲ್ಲ ತಿಂಬುಕೇ ಸುರು ಮಾಡಿದ್ರಿಯಾ?’ ಎಂದು ನಕ್ಕ. ಅಮ್ಮ ಒಳಗೆ ಹೋಗಿ ಇನ್ನೊಮ್ಮೆ ಸ್ನಾನ ಮಾಡಿದಳು. ಅಂಗಳಕ್ಕೆ ಮೂರು ಬಾಲ್ದಿ ನೀರು, ಸೆಗಣಿ. ವಾಸನೆ ಮರುದಿನದವರೆಗೂ ಇತ್ತು. ನಾನು ಹುಡುಕುತ್ತಿರುವುದು ಎಂಥ ಗಾಡಿ ಎಂದು ವಿವರಿಸಿದ ಮೇಲೆ ಪಾಂಡು, ‘ಓ, ಮನಿ ಇಪ್ಪು ಗಾಡಿಯಾ? ಅದ್ ಬ್ರಹ್ಮಾವರದ ಸುಧೀರನ್ ಹತ್ರ ಒಂದಿತ್ತ್’ ಎಂದು ನಂಬರು ಕೊಟ್ಟ.

ನಿನ್ನೆ ಶನಿವಾರ ಹತ್ತು ಗಂಟೆಗೆ ಬ್ರಹ್ಮಾವರಕ್ಕೆ ಹೋದೆ. ಮರದ ಕೆಲಸ ನನಗೆ ತಿಳಿಯುವುದಿಲ್ಲವೆಂದು ಕುಷ್ಟನನ್ನು ಜೊತೆಗೆ ಕರೆದುಕೊಂಡೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ತಗಡಿನ ಶೆಡ್ಡಿನಲ್ಲಿ ಗಾಡಿ ನಿಂತಿತ್ತು. ಹೊರಗಡೆ ತೆಂಗಿನಮರ, ಸೂರ್ಯಾಸ್ತದ ಚಿತ್ರ. ಬಾಗಿಲು ತೆಗೆದರೆ ಮಲ್ಲಿಗೆಯ ಸ್ಪ್ರೇ ವಾಸನೆ, ಅದರ ಅಡಿಯಲ್ಲಿ ಬೇರೊಂದು. ಸ್ಪ್ರೇ ಅರ್ಧ ನಿಮಿಷ ತಡೆಯಿತು. ಹಾಸಿಗೆಯ ಪ್ಲೈವುಡ್ಡಿಗೆ ಕುಷ್ಟ ಚೂರಿಯ ಮೊನೆ ಒತ್ತಿದ. ಬಾಳೆದಿಂಡಿಗೆ ಇಳಿದ ಹಾಗೆ ಇಳಿಯಿತು. ಒಲೆಯ ಬರ್ನರ್ ಎತ್ತಿದಾಗ ಜಿರಳೆಗಳು ಹೊರಬಂದವು. ಅವಸರವೇನೂ ಇಲ್ಲದ ಹಾಗೆ ನಡೆದು ಹೋದವು. ಮಡಚುವ ಮಂಚದ ಕೆಳಗೆ ಕೂದಲಿನ ಉಂಡೆ, ಒಂದು ಮಗುವಿನ ಕಾಲುಚೀಲ, ಯಾರೋ ತಿಂದು ಬಿಟ್ಟ ಕೋಳಿಯ ಮೂಳೆ. ಅಮ್ಮ ಗಂಜಿ ಬೇಯಿಸಬೇಕೆಂದು ನೀನು ಅಂದುಕೊಂಡ ಅಡುಗೆಮನೆ ಇದು.

ಕಕ್ಕಸಿನ ಕೆಳಗೆ ಒಂದು ಪೆಟ್ಟಿಗೆಯಿದೆ. ಎಲ್ಲ ಅದರಲ್ಲಿ ಸೇರುತ್ತದೆ. ಖಾಲಿ ಮಾಡುವುದು ಎಲ್ಲಿ ಎಂದು ನಾನು ಕೇಳಿದೆ. ಸುಧೀರ್ ಒಂದಿಷ್ಟೂ ಅಳುಕದೆ, ‘ಹೊಳಿ ಇಲ್ಯಾ ಸರ್? ಕತ್ಲಿ ಆದ್ ಮೇಲೆ ಸೇತುವಿ ಮೇಲೆ ನಿಲ್ಸಿ ಮುಚ್ಚಳ ತೆಗೆದ್ರ್ ಆಯ್ತ್. ಎಲ್ಲರೂ ಹಾಂಗೇ ಮಾಡುದ್’ ಎಂದ. ಸೀತಾನದಿಯ ಮಾತು. ಆ ನೀರು ಇಳಿದು ಕಡಲು ಸೇರುವುದು ಕುಷ್ಟ ದೋಣಿ ಕಟ್ಟುವ ಜಾಗದ ಪಕ್ಕದಲ್ಲಿ. ಕುಷ್ಟ ಚೂರಿ ಮಡಚಿ ಜೇಬಿಗೆ ಹಾಕಿ, ‘ಆ ನೀರಂಗೆ ಸೊಂಟದ್ ವರಿಗೆ ನಿಂತ್ಕಂಡ್ ನಾ ಕೆಲ್ಸ ಮಾಡುದ್ ಮಾರಾಯ. ನಿನ್ ಗಿರಾಕಿಗಳ್ ಹೇತದ್ದ್ ನನ್ ಕಾಲಿಗ್ ಬಂದ್ ತಾಗುದಾ?’ ಎಂದ. ಸುಧೀರ್ ಅದಕ್ಕೂ ನಕ್ಕ. ಪೆಟ್ಟಿಗೆಯನ್ನು ತೋರಿಸುವ ಉತ್ಸಾಹದಲ್ಲಿ ಎಳೆದ. ಹಿಂದಿನ ಬಾಡಿಗೆಯವರದು ಅದರಲ್ಲಿ ಹಾಗೇ ಇತ್ತು. ನಾನು ಶೆಡ್ಡಿನ ಹಿಂದೆ ಹೋಗಿ ಬೆಳಗಿನ ದೋಸೆಯನ್ನು ಕಕ್ಕಿದೆ. ಇದನ್ನು ಬರೆಯಬೇಕಿಲ್ಲ, ಆದರೆ ವರದಿ ಪೂರ್ಣವಾಗಿರಲಿ.

ಆದ್ದರಿಂದ ನನ್ನ ತೀರ್ಮಾನ: ಆ ಗಾಡಿ ಹದಿನಾಲ್ಕು ಲಕ್ಷಕ್ಕೂ ಬೇಡ, ಹದಿನಾಲ್ಕು ಸಾವಿರಕ್ಕೂ ಬೇಡ. ಹೊಸತನ್ನು ಕೊಂಡರೂ ಸಂಗತಿ ಬದಲಾಗುವುದಿಲ್ಲ. ಗಾಡಿಯ ಅಗಲವೇ ಆರು ಅಡಿ. ಒಲೆ ಮತ್ತು ಕಕ್ಕಸು ಅಕ್ಕಪಕ್ಕ ಕೂರಲೇಬೇಕು. ಬಚ್ಚಲಿಗೆ ಹೋಗಿ ಬಂದರೆ ಸೀರೆ ಬದಲಿಸದೆ ಅಡುಗೆಮನೆಯ ಹೊಸ್ತಿಲು ದಾಟದ ಹೆಂಗಸಿಗೆ, ಅವಳ ಮಡಿಯ ಸಲುವಾಗಿಯೇ, ಇಂಥದ್ದನ್ನು ಕೊಳ್ಳುವುದೆಂದರೆ ನನಗೆ ಹೇಸಿಗೆಯಾಗುತ್ತದೆ. ಬಾಡಿಗೆಯ ಲೆಕ್ಕ ನನ್ನ ಮುಂದೆ ಇನ್ನು ಎತ್ತಬೇಡ. ಮರವಂತೆಯಲ್ಲಿ ಈಗಾಗಲೇ ಮರಳಿನ ಮೇಲೆ ಮಕ್ಕಳ ಡೈಪರ್ ಬಿದ್ದಿರುತ್ತದೆ. ನಮ್ಮ ಹೆಸರಿನ ಗಾಡಿಯೊಂದು ಅದಕ್ಕೆ ಸೇರಬೇಕಿಲ್ಲ.

ಇನ್ನೊಂದು ಮಾತು, ರವಿ. ನೀನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಆರು ವರ್ಷದಿಂದ ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ತಿಳಿಯದೆ ಇಲ್ಲ. ಕುಸುಮ ಬೇರೆ ಜಾತಿಯವಳೆಂದು ನಿನ್ನ ಮದುವೆಯಾದಾಗ ಅಮ್ಮ ಒಂದು ವರ್ಷ ಮಾತು ಬಿಟ್ಟಿದ್ದಳು. ಅದು ನಿಜ. ಆದರೆ ನಿನ್ನ ಗೃಹಪ್ರವೇಶಕ್ಕೆಂದು ಆ ಮೇ ತಿಂಗಳಲ್ಲಿ ಕುಂದಾಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿದವಳೂ ಅವಳೇ. ಕುಸುಮಳಿಗೆ ಸೀರೆ, ರಮ್ಯಶ್ರೀಗೆ ಹಲಸಿನ ಹಪ್ಪಳ ಕಟ್ಟಿಕೊಂಡಿದ್ದಳು. ಬೈಂದೂರು ಬಂದಾಗ ಎದ್ದು ನಿಂತು, ‘ನನ್ನ ಮಡಿ ಹಾಳಾಯ್ತ್, ನಾ ಬತ್ತಿಲ್ಲೆ’ ಎಂದು ಇಳಿದೇಬಿಟ್ಟಳು. ನಾನು ಪೆಟ್ಟಿಗೆ ಎಳೆದುಕೊಂಡು ಹಿಂದೆ ಓಡಿದೆ. ಗೋದಾವರಿ ತನ್ನ ಶಾಲನ್ನು ಅವಳ ಸೊಂಟಕ್ಕೆ ಸುತ್ತಿ ಹಿಡಿದುಕೊಂಡಿದ್ದಳು. ಮನೆಗೆ ಮರಳಲು ಹಿಡಿದ ಬಾಡಿಗೆ ಕಾರಿನ ಸೀಟಿನ ಮೇಲೆ ನನ್ನ ಕೈಯಲ್ಲಿದ್ದ ಪತ್ರಿಕೆಯನ್ನು ಕಸಿದು ಹಾಸಿ, ಅದರ ಮೇಲೆ ಅಮ್ಮನನ್ನು ಕೂರಿಸಿದಳು. ಯಾರು ಯಾರೋ ಕೂತ ಸೀಟು, ಮಡಿಗೆ ಆಗುವುದಿಲ್ಲ ಎಂದುಕೊಂಡೆ. ಸಂಪಾದಕೀಯ ಓದಿ ಮುಗಿದಿರಲಿಲ್ಲವೆಂದು ಸಿಟ್ಟೂ ಬಂತು. ದಾರಿಯಿಂದಲೇ ನಿನಗೆ ಫೋನ್ ಮಾಡಿ ಅಮ್ಮ ಹೇಳಿದ್ದನ್ನು ಅಕ್ಷರ ಬಿಡದೆ ಹೇಳಿದೆ. ಠಾಣೆ ರೈಲು ನಿಲ್ದಾಣಕ್ಕೆ ಕಾರು ತಂದು ನಿಲ್ಲಿಸುತ್ತೇನೆ ಎಂದವನು ನೀನು, ಅಲ್ಲಿಗೇ ಫೋನ್ ಇಟ್ಟೆ. ಆಮೇಲೆ ಬಸ್ಸು ಎಂದೆವು, ಕಾರು ಎಂದೆವು, ವಿಮಾನ ಎಂದೆವು. ಎಲ್ಲದಕ್ಕೂ ಒಂದೇ ಉತ್ತರ, ಮಡಿ ಆಗುವುದಿಲ್ಲ. ಮದುವೆಗೂ ಅದೇ ಉತ್ತರ ಬರುತ್ತದೆ ಎಂದು ನನ್ನ ಅಂದಾಜು. ಗಾಡಿ ಕೊಂಡು ಅದನ್ನು ತಿದ್ದಲಾಗದು. ರಮ್ಯಶ್ರೀಗೆ ನೀನೇ ಸಮಾಧಾನ ಹೇಳು.

ಕುಸುಮಳಿಗೂ ರಮ್ಯಶ್ರೀಗೂ ನಮ್ಮ ಆಶೀರ್ವಾದ ಮುಟ್ಟಿಸು. ಮದುವೆಗೆ ನಾನೂ ನಿನ್ನ ಅತ್ತಿಗೆಯೂ ನಾಲ್ಕು ದಿನ ಮೊದಲೇ ಬಂದು ಕೆಲಸಕ್ಕೆ ನಿಲ್ಲುತ್ತೇವೆ. ಮಾತ್ರೆ ತಪ್ಪಿಸಬೇಡ.

ಇಂತಿ ನಿನ್ನ ಅಣ್ಣ,
ಉದಯಶಂಕರ

ತಾಜಾ ಕಲಂ (ಸೋಮವಾರ ಬೆಳಿಗ್ಗೆ): ಅಂಚೆಗೆ ಹಾಕುವ ಮೊದಲು ಒಂದು ತಿದ್ದುಪಡಿ. ಪತ್ರಿಕೆಗೆ ಕಳಿಸುವ ಸುದ್ದಿಯನ್ನು ಮೊದಲು ಗೋದಾವರಿಗೆ ಓದಿ ಹೇಳುವುದು ನನ್ನ ಹಳೆಯ ರೂಢಿ. ನಿನ್ನೆ ಸಂಜೆ ಈ ಪತ್ರವನ್ನೂ ಓದತೊಡಗಿದೆ. ಎರಡಡಿ ನಾಲ್ಕಿಂಚು ಎಂಬಲ್ಲಿಗೆ ಬಂದಾಗ ಅಮ್ಮ ಒಳಗಿನಿಂದಲೇ, ‘ಕಕ್ಕಸ್ ಗಾಡಿ ಒಳಗೇ ಇತ್ತಾ?’ ಎಂದು ಕೇಳಿದಳು. ಹೌದಮ್ಮ, ಅದೇ ಅಸಹ್ಯ ಎಂದೆ. ಮತ್ತೆ, ‘ಎಷ್ಟ್ ಸಲ ಬೇಕಾರೂ ಹೋಯ್ಲಕ್ಕಾ?’ ಎಂದಳು. ಎಷ್ಟು ಸಲವಾದರೂ ಹೋಗಬಹುದೇ ಎಂದು ಯಾಕೆ ಕೇಳಿದಳೋ ನನಗೆ ಅರ್ಥವಾಗಲಿಲ್ಲ, ಮುಂದಕ್ಕೆ ಓದಿದೆ. ಬೈಂದೂರಿನ ಭಾಗ ಬಂದಾಗ ಗೋದಾವರಿ ನನ್ನ ಕೈಯಿಂದ ಕಾಗದ ತೆಗೆದುಕೊಂಡು, ‘ಅತ್ತೆ, ಇನ್ನ್ ನಾ ಹೇಳ್ತೆ’ ಎಂದಳು. ಅಮ್ಮ ಬೇಡ ಎನ್ನಲಿಲ್ಲ.

ಅಮ್ಮನಿಗೆ ಏಳೆಂಟು ವರ್ಷದಿಂದ ಮೂತ್ರ ತಡೆಯುವುದಿಲ್ಲ. ಅರ್ಧ ಗಂಟೆಗೊಮ್ಮೆ ಹೋಗಲೇಬೇಕು. ಆ ದಿನ ಬೋಗಿಯ ನಮ್ಮ ತುದಿಯ ಎರಡೂ ಕಕ್ಕಸುಗಳ ಮುಂದೆ ಜನ ನಿಂತಿದ್ದರು. ಅವಳು ಯಾರ ಮೈಲಿಗೆಯ ಮಾತನ್ನೂ ಆಡಲಿಲ್ಲ. ಉಟ್ಟಿದ್ದ ಮಡಿಸೀರೆ ಹಾಳಾಯಿತು ಎಂದು, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಮೇ ತಿಂಗಳ ಸೆಕೆಯಲ್ಲಿ ಶಾಲು ಯಾಕೆ ಎಂದು ನಾನು ಕೇಳಲಿಲ್ಲ. ಪತ್ರಿಕೆ ಯಾಕೆ ಎಂದೂ ಕೇಳಲಿಲ್ಲ. ಕುಂದಾಪುರದಲ್ಲಿ ತೋರಿಸುತ್ತಿರುವುದೂ ಕಣ್ಣಲ್ಲ, ಇದನ್ನೇ. ಮೂವತ್ತೊಂದು ವರ್ಷ ಸುದ್ದಿ ಬರೆದವನು ನನ್ನ ತಾಯಿಯ ಒಂದು ವಾಕ್ಯವನ್ನು ತಪ್ಪು ಅರ್ಥಕ್ಕೆ ನಿನಗೆ ದಾಟಿಸಿದೆ, ನೀನು ಅದನ್ನು ಕುಸುಮಳ ಜಾತಿಗೆ ಆಡಿದ ಮಾತೆಂದು ತಿಳಿದೆ. ಶನಿವಾರ ಆ ಪೆಟ್ಟಿಗೆ ಕಂಡು ಬಂದ ಹೇಸಿಗೆ ಇದರ ಮುಂದೆ ಏನೂ ಅಲ್ಲ.

ನಿನಗೆ ಬರೆಯಲು ಅಮ್ಮ ಒಪ್ಪಿದ್ದಾಳೆ. ಕುಸುಮಳಿಗೆ ನೀನೇ ಹೇಳಬೇಕು, ಬೇರೆ ಯಾರಿಗೂ ಬೇಡ. ಅಡುಗೆಗೆ ಏನು ಮಾಡುವುದಮ್ಮ ಎಂದು ಕೇಳಿದೆ. ‘ಒಲಿ ಎಂತಕೆ? ದಾರಿ ಮೇಲೆ ಅವಲಕ್ಕಿ ತಿಂತೆ. ಅಲ್ಲಿಗ್ ಹೋದ್ ಮೇಲೆ ಕುಸುಮ ಅಡ್ಗಿ ಮಾಡುದಿಲ್ಯಾ?’ ಎಂದಳು.

ಕ್ಯಾಂಪರ್ ಬೇಡ. ರಾತ್ರಿಯೇ ಕುಷ್ಟನಿಗೆ ಫೋನ್ ಮಾಡಿ, ದೂರದ ದಾರಿ, ಅಮ್ಮನಿಗೆ ಮೊಣಕಾಲು ನೋವು ಎಂದಷ್ಟೇ ಹೇಳಿದೆ; ಅವನ ಭಾವನ ಟೆಂಪೋ ಬಾಡಿಗೆಗೆ ಸಿಗುತ್ತದೆ. ಹಿಂಬದಿಯ ಸೀಟು ಬಿಚ್ಚಿ, ದೋಣಿಯ ಕೋಣೆ ಕಟ್ಟುವ ಹಾಗೆ ಗಟ್ಟಿ ಮರದ ಒಂದು ಸಣ್ಣ ಕಕ್ಕಸು ಕೂರಿಸಿ, ಮದುವೆ ಮುಗಿದ ಮೇಲೆ ಬಿಚ್ಚಿ ಕೊಡುತ್ತೇನೆ ಎಂದು ಕುಷ್ಟ ಹೇಳಿದ್ದಾನೆ. ಒಲೆ ಇರುವುದಿಲ್ಲ. ಚಿಲಕವಿರುವ ಬಾಗಿಲು ಇರುತ್ತದೆ. ಪೆಟ್ಟಿಗೆ ಬರಿದಾಗುವುದು ನಮ್ಮ ಮನೆಯ ಗುಂಡಿಗೆ, ಹೊಳೆಗಲ್ಲ. ಸೀಟು ಬಿಚ್ಚಲು ಅನುಮತಿ ಬೇಕೇ ಎಂದು ಬುಧವಾರ ಉಡುಪಿಯಲ್ಲಿ ವಿಚಾರಿಸುತ್ತೇನೆ. ಕುಷ್ಟ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅಳತೆಗೆ ಬರುತ್ತಾನೆ. ಕೂರುವ ಹಲಗೆಯ ಎತ್ತರಕ್ಕೆ ಅಮ್ಮನ ಮೊಣಕಾಲಿನ ಅಳತೆ ಬೇಕಂತೆ.