ಹತ್ತು ಲೋಟ ಕೋಕೋ

ಮಾರ್ಚ್ ೧೧

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಅಕ್ಕನಿಗೆ ಕೊಬ್ಬು ಎಂದು ಗೊಣಗಿಕೊಂಡಿರುತ್ತೀಯ. ಬೈದುಕೋ, ಆದರೆ ಪೂರ್ತಿ ಓದು. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವನ ಮಂಡಿನೋವು ಹಾಗೇ ಇದೆ, ಅದರ ಬಗ್ಗೆ ಅವರ ಭಾಷಣವೂ ಹಾಗೇ ಇದೆ. ತಡವಾದದ್ದು ನಮ್ಮ ಚಿಟ್ಟಿಯ ದೆಸೆಯಿಂದ.

ಅವಳು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಗಾಜಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವಳ ಕಣ್ಣಿಗೆ ಬೀಳುತ್ತದೆ. ಆದರೆ ಕಳೆದ ವರ್ಷದಿಂದ ವಾರಕ್ಕೆರಡು ದಿನವಾದರೂ ಕೆಲಸ ಅರ್ಧಕ್ಕೆ ಬಿಟ್ಟು, ಕಿವಿ ಮುಚ್ಚಿಕೊಂಡು ಮನೆಗೆ ಬರುತ್ತಿದ್ದಳು. ಯಂತ್ರದ ಸದ್ದು ತಡೆಯಲಾಗುವುದಿಲ್ಲ ಎನ್ನುತ್ತಿದ್ದಳು. ಆಟಿಸಂ ಇರುವವರಿಗೆ ಹೀಗೇ ಎಂದು ನಾನು ಸುಮ್ಮನಾದೆ. ಅವಳು ಸುಮ್ಮನಾಗಲಿಲ್ಲ. ಅಂಥ ದಿನಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಹೋದಳು. ಆ ದಿನಗಳಲ್ಲೆಲ್ಲ ಬೆಳಿಗ್ಗೆಯಿಂದಲೇ ಹೊಟ್ಟೆ ಹಿಂಡುತ್ತಿತ್ತಂತೆ.

ಒಬ್ಬಳೇ ಡಾಕ್ಟರ ಹತ್ತಿರ ಹೋಗಿಬಂದಳು. ಹೇಳಬೇಕಾದ್ದನ್ನು ಬರೆದುಕೊಂಡು ಹೋಗಿ ಅವರ ಮುಂದೆ ಓದಿದಳಂತೆ. ಊಟದಲ್ಲಿ ಒಂದು ಸಲಕ್ಕೆ ಒಂದನ್ನೇ ಬಿಟ್ಟು ನೋಡು ಎಂದರಂತೆ ಅವರು. ಮೊದಲು ಗೋಧಿ. ಮೂರು ವಾರ ಬ್ರೆಡ್ಡು ಮುಟ್ಟಲಿಲ್ಲ, ಏನೂ ಬದಲಾಗಲಿಲ್ಲ. ಬ್ರೆಡ್ಡಿನ ತಪ್ಪಿಲ್ಲ ಎಂದು ತೀರ್ಪು ಕೊಟ್ಟು, ಅವತ್ತೇ ನಾಲ್ಕು ತುಂಡು ತಿಂದಳು. ಆಮೇಲೆ ಹಾಲು. ಎರಡನೆಯ ವಾರಕ್ಕೇ ಮುಖ ತಿಳಿಯಾಯಿತು, ಒಂದು ದಿನವೂ ಅರ್ಧಕ್ಕೆ ಎದ್ದು ಬರಲಿಲ್ಲ. ನಾನು ಕುಣಿದಾಡಿದೆ. ಅವಳು ಮಾತ್ರ, “ಇನ್ನೂ ಗೊತ್ತಾಗಿಲ್ಲ ಅಮ್ಮ. ವಾಸಿಯಾಗ್ಲಿ ಅಂತ ಆಸೆ ಇದ್ರೆ ವಾಸಿಯಾದ ಹಾಗೇ ಅನ್ಸುತ್ತೆ” ಎಂದಳು.

ಅದಕ್ಕೇ ಈ ಪರೀಕ್ಷೆ. ದಿನ ಬಿಟ್ಟು ದಿನ ನಾನು ಗಟ್ಟಿ ಕೋಕೋ ಮಾಡಿಕೊಡಬೇಕು, ಒಟ್ಟು ಹತ್ತು ಲೋಟ. ಐದು ಹಾಲಿನದು, ಐದು ಸೋಯಾ ಹಾಲಿನದು. ಯಾವತ್ತು ಯಾವುದು ಎಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ ಅಂಗಡಿಯ ಯಜಮಾನರ ಕೈಗೆ ಕೊಡಬೇಕು. ರುಚಿ ತಿಳಿದುಬಿಟ್ಟೀತೆಂದು ಅವಳು ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಂಡು ಒಂದೇ ಉಸಿರಿಗೆ ಕುಡಿಯುತ್ತಿದ್ದಳು. ನಿನ್ನ ಭಾವ ನಗು ತಡೆಯಲಾರದೆ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು. ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ನಿನಗೆ ಗೊತ್ತೇ ಇದೆ. ಅಷ್ಟು ದಿನವೂ ಅವಳಿಗೆ ಬೆನ್ನು ಹಾಕಿಯೇ ನಿಂತಿದ್ದೆ.

ಕೊನೆಗೆ ಒಂದು ಮಧ್ಯಾಹ್ನ ಅಂಗಡಿಯಲ್ಲೇ ಲಕೋಟೆ ಒಡೆದೆವು. ಯಜಮಾನರು ಕನ್ನಡಕ ಒರೆಸಿಕೊಂಡು ಒಂದೊಂದಾಗಿ ಓದಿದರು. ಅವಳ ಕ್ಯಾಲೆಂಡರಿನಲ್ಲಿ ಹೊಟ್ಟೆ ನೋವೆಂದು ಗುರುತಾಗಿದ್ದದ್ದು ನಾಲ್ಕು ದಿನ. ನಾಲ್ಕೂ ಹಾಲಿನ ದಿನಗಳೇ. ಹಾಗಾದರೆ ಹಾಲು ಬಿಟ್ಟರೆ ಆಟಿಸಂ ಹೋಗುತ್ತದೆಯೇ ಎಂದು ಅವರು ಪಾಪ ಆಸೆಯಿಂದಲೇ ಕೇಳಿದರು.

“ಇಲ್ಲ, ಹೊಟ್ಟೆನೋವು ಹೋಗುತ್ತೆ” ಎಂದಳು ಅವಳು, ಗಾಜಿನ ಕಡೆಗೇ ನೋಡುತ್ತಾ. “ಹೊಟ್ಟೆ ನೋಯ್ತಾ ಇಲ್ಲ ಅಂದ್ರೆ ಸದ್ದನ್ನ ತಡ್ಕೊಬಹುದು. ನಾನು ನಾನೇ ಇರ್ತೀನಿ.”

ಈಗ ಐದು ವಾರದಿಂದ ಪೂರ್ತಿ ದಿನ ಕೆಲಸ ಮಾಡುತ್ತಿದ್ದಾಳೆ. ಹಾಲು ಬಿಟ್ಟದ್ದಕ್ಕೆ ಡಾಕ್ಟರು ಮೂಳೆಗೆಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಕಿವಿಗೆ ಈಗಲೂ ಹತ್ತಿ ಬೇಕು, ಹೊಸಬರ ಮುಖ ನೋಡಿ ಮಾತಾಡುವುದು ಈಗಲೂ ಆಗದು. ಯಜಮಾನರು ತಮ್ಮ ತಲೆನೋವಿನ ಮೂಲ ಹುಡುಕಿಕೊಡು ಎಂದು ಅವಳ ಬೆನ್ನು ಬಿದ್ದಿದ್ದಾರೆ. ನಿನ್ನ ಭಾವ ಸಕ್ಕರೆ ಬಿಟ್ಟಿದ್ದಾರೆ, ಮಗಳು ಎದುರಿಗಿರುವಾಗ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತೋ ಎಂದು ಅವಳನ್ನೇ ನೋಡುತ್ತಾ ಕೂತುಬಿಡುತ್ತೇನೆ.

ನಿನ್ನ ಮಕ್ಕಳಿಬ್ಬರಿಗೂ ದೊಡ್ಡಮ್ಮನ ಮುತ್ತು. ನಿಮ್ಮ ಮನೆ ತಣ್ಣಗಿರಲಿ, ನಿನ್ನ ಕೈಗೆ ಆಯಾಸ ತಿಳಿಯದಿರಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ತಡವಾದದ್ದೂ ಚಿಟ್ಟಿಯಿಂದಲ್ಲ. ಅವಳಿಗೆ ಆರು ವರ್ಷವಿದ್ದಾಗ, ಪಥ್ಯ ಮಾಡಿಸಿದರೆ ಬೇರೆ ಮಕ್ಕಳಂತಾಗುತ್ತಾಳೆ ಎಂದು ಯಾರೋ ಹೇಳಿದ್ದನ್ನು ನಂಬಿ, ಹಾಲು, ಗೋಧಿ, ಹಣ್ಣು, ಸಿಹಿ ಎಲ್ಲವನ್ನೂ ಒಟ್ಟಿಗೇ ಕಿತ್ತುಕೊಂಡೆನಲ್ಲ, ಹದಿನಾಲ್ಕು ತಿಂಗಳು. ತಟ್ಟೆ ಎಸೆಯುತ್ತಿದ್ದಳು, ಕೈ ಕಚ್ಚಿಕೊಳ್ಳುತ್ತಿದ್ದಳು. ಹಠ ಎಂದುಕೊಂಡೆ. ನೀನು ಬಂದವಳು, ಮಗು ಹಸಿದಿದೆ ಅಕ್ಕ ಎಂದೆ. ಇನ್ನೂ ಹೆರದವಳಿಗೆ ಏನು ಗೊತ್ತು ಎಂದು ನಿನ್ನ ಬಾಯಿ ಮುಚ್ಚಿಸಿದೆ.

ಲಕೋಟೆ ಒಡೆದ ದಿನ ದಾರಿಯಲ್ಲಿ, ಅದು ನೆನಪಿದೆಯೇ ಎಂದು ಅವಳನ್ನು ಕೇಳಿದೆ. ಸಿಟ್ಟಿಲ್ಲದೆ ಹೇಳಿದಳು: “ಇದೆ. ಹಸಿವಾಗ್ತಿತ್ತು. ಆಗ ನನಗೆ ಹಾಗೆ ಹೇಳೋಕೆ ಬರ್ತಿರ್ಲಿಲ್ಲ.”

ಅವಳಿಗೆ ಬರುತ್ತಿರಲಿಲ್ಲ. ನೀನು ಹೇಳಿದ್ದೆ.