ಮುದ್ರೆಯಿಲ್ಲದ ಕಮೋಡಿಗಾಗಿ ನಮ್ಮ ನೀರು ಕಡಿಯಬೇಡಿ

ಮಾನ್ಯ ಜಲಮಂಡಳಿಯ ಮುಖ್ಯಾಧಿಕಾರಿಗಳೇ,

ನಿನ್ನೆ ಮಧ್ಯಾಹ್ನ ನಿಮ್ಮ ಕಚೇರಿಯ ಪರಿವೀಕ್ಷಕರು ನಮ್ಮ ಬಚ್ಚಲುಮನೆಯ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿ ಹೋದರು. ನಮ್ಮ ಕಮೋಡಿನ ಮೇಲೆ ನಿಮ್ಮ ಮಂಡಳಿಯ ಹಸಿರು ಮುದ್ರೆ ಇಲ್ಲವಂತೆ. ತಿಂಗಳು ಮುಗಿಯುವುದರೊಳಗೆ ಅದನ್ನು ಕಿತ್ತು ಮುದ್ರೆಯುಳ್ಳದ್ದನ್ನು ಕೂರಿಸದಿದ್ದರೆ ನಲ್ಲಿಯ ಸಂಪರ್ಕ ಕಡಿಯುತ್ತಾರಂತೆ. ಮುದ್ರೆಯುಳ್ಳದ್ದನ್ನು ನಾವು ಒಮ್ಮೆ ಕೂರಿಸಿದ್ದೆವು ಸ್ವಾಮಿ. ಆಮೇಲೆ ನನ್ನ ತಮ್ಮ ಆಸ್ಪತ್ರೆ ಸೇರಿದ. ಈಗ ಅದನ್ನೇ ಮತ್ತೆ ತರಬೇಕು, ಇಲ್ಲವೇ ಅವನನ್ನು ನೀರಿಲ್ಲದ ಮನೆಯಲ್ಲಿ ಇರಿಸಿಕೊಳ್ಳಬೇಕು. ಇವೆರಡರಲ್ಲಿ ಇಷ್ಟವಾದದ್ದನ್ನು ಆರಿಸಿಕೊಳ್ಳುವ ಪೂರ್ಣ ಸ್ವಾತಂತ್ರ್ಯವನ್ನು ತಾವು ದಯಪಾಲಿಸಿದ್ದೀರಿ. ಅದಕ್ಕೇ ನಾಲ್ಕು ಜನರ ಕಿವಿಗೆ ಬೀಳುವಂತೆ ಬರೆಯುತ್ತಿದ್ದೇನೆ.

ನಾನು ಕಾರು ಓಡಿಸಲು ಕಲಿಸುವವಳು. ಹೆದರಿದವರ ಪಕ್ಕದ ಸೀಟಿನಲ್ಲಿ ಕೂತು "ಏನೂ ಆಗಲ್ಲ, ನಿಧಾನಕ್ಕೆ ಕ್ಲಚ್ ಬಿಡಿ" ಅನ್ನುವುದೇ ನನ್ನ ಹೊಟ್ಟೆಪಾಡು. ಎದುರಿಗೆ ಲಾರಿ ನುಗ್ಗಿ ಬಂದರೂ ನನ್ನ ದನಿ ನಡುಗಿದ್ದಿಲ್ಲ. ಅಂಥವಳು ಈಗ ಬಚ್ಚಲಿನಲ್ಲಿ ಫ್ಲಶ್ ಸದ್ದಾದರೆ ಒಲೆಯ ಮೇಲಿನದನ್ನು ಬಿಟ್ಟು ಓಡುತ್ತೇನೆ. ಯಾಕೆಂದು ಹೇಳುತ್ತೇನೆ, ಕೇಳಿ.

ನನ್ನ ತಮ್ಮ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಾನೆ. ಕೆಲವು ವರ್ಷಗಳ ಹಿಂದೆ ಅವನ ಮೂತ್ರಪಿಂಡಗಳೆರಡೂ ಕೈಕೊಟ್ಟವು. ನನ್ನದೊಂದು ಅವನಿಗೆ ಹೊಂದಿತು, ಕೊಟ್ಟೆ. ಅಂದಿನಿಂದ ಅವನು ನನ್ನ ಮತ್ತು ನನ್ನ ಗಂಡನ ಜೊತೆಯಲ್ಲೇ ಇದ್ದಾನೆ. ಹೊಸ ಅಂಗವನ್ನು ಮೈ ಹೊರಗಟ್ಟದಿರಲೆಂದು ಅವನು ನುಂಗುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೂ ತಗ್ಗಿಸುತ್ತವೆ. ನಮಗೆ ಗೀರು ಅನ್ನಿಸುವುದು ಅವನಿಗೆ ಗಂಡಾಂತರ. ಯಾರಾದರೂ ಸೀನುತ್ತಾ ಬಂದರೆ ನನ್ನ ಗಂಡ ಬಾಗಿಲಲ್ಲೇ ಮಾತಾಡಿಸಿ ಸಾಗಹಾಕುತ್ತಾರೆ. ಅವನು ನೀರನ್ನಂತೂ ಧಾರಾಳವಾಗಿ ಕುಡಿಯಲೇಬೇಕು. ಕುಡಿದವನು ಬಚ್ಚಲಿಗೆ ಹೋಗಲೇಬೇಕು. ಮನೆಯಲ್ಲಿರುವುದು ಒಂದೇ ಬಚ್ಚಲು.

ನೀರು ಉಳಿಸುವ ಕಮೋಡನ್ನೇ ಕೂರಿಸಬೇಕೆಂದು ನಿಮ್ಮ ಆದೇಶ ಬಂದಾಗ ನಾವು ಗೊಣಗಲಿಲ್ಲ. ಬೇಸಗೆಯಲ್ಲಿ ನಮ್ಮ ಬೀದಿಯ ಕೊನೆಯ ಮನೆಗಳವರು ಕೊಡ ಹಿಡಿದು ನಿಲ್ಲುವುದನ್ನು ಕಣ್ಣಾರೆ ಕಂಡವರು ನಾವು. ನಮ್ಮ ಹಳೆಯ ಕಮೋಡು ಒಂದೊಂದು ಸಲಕ್ಕೂ ದೊಡ್ಡ ಬಕೆಟ್ಟಿನಷ್ಟು ನೀರು ಕುಡಿಯುತ್ತಿತ್ತು. ಸರಿ, ಬದಲಿಸೋಣವೆಂದು ಮೂವರೂ ಅಂಗಡಿಗೆ ಹೋದೆವು. ಬೆಳ್ಳಗೆ ಹೊಳೆಯುವ ಕಮೋಡುಗಳು ಸಾಲಾಗಿ ಕೂತಿದ್ದವು. ಒಂದಕ್ಕೂ ನೀರಿನ ಪೈಪಿಲ್ಲ. ನನ್ನ ಗಂಡ ಪುಸ್ತಕ ಬೈಂಡಿಂಗ್ ಮಾಡುವವರು, ಯಾವುದನ್ನೂ ತಿರುವಿ ನೋಡದೆ ಕೊಳ್ಳುವವರಲ್ಲ.

"ಒಂದ್ಸಲ ನೀರು ಹಾಕಿ ತೋರಿಸ್ತೀರಾ?" ಅಂದರು.

ಅಂಗಡಿಯವನು ನಕ್ಕ. "ಇದೇನು ಬೈಕಾ ಸಾರ್, ಒಂದು ರೌಂಡ್ ಹೊಡ್ಕೊಂಡು ಬರೋಕೆ? ಮಂಡಳಿ ಮುದ್ರೆ ಇದೆ, ನೋಡಿ. ಇನ್ನೇನು ಬೇಕು?"

"ಎಲ್ಲಾ ಸರಿಯಾಗಿ ಹೋಗುತ್ತಾ?" ನನ್ನ ತಮ್ಮ ಕೇಳಿದ.

"ಹೋಗದೆ ಇನ್ನೆಲ್ಲಿಗೆ ಹೋಗುತ್ತೆ?"

ಎಲ್ಲಿಗೂ ಹೋಗುವುದಿಲ್ಲ ಎಂದು ಮೊದಲ ವಾರದಲ್ಲೇ ತಿಳಿಯಿತು. ಅದರ ಒಳದಾರಿ ಕಿರಿದು. ನೀರೋ, ಮುಜುಗರಪಟ್ಟುಕೊಂಡು ಸುರಿಯುವ ಹಾಗೆ ಸುರಿಯುತ್ತಿತ್ತು. ಒಮ್ಮೆ ಒತ್ತಿದರೆ ಸಾಲದು, ತೊಟ್ಟಿ ತುಂಬುವವರೆಗೆ ಕಾದು ಮತ್ತೆ ಒತ್ತಬೇಕು, ಆಮೇಲೆ ಬಕೆಟ್ಟಿನಲ್ಲಿ ಬೇರೆ ಹುಯ್ಯಬೇಕು. ಹಳೆಯದಕ್ಕಿಂತ ಹೆಚ್ಚು ನೀರು ಖರ್ಚಾಗುತ್ತಿತ್ತು. ಪ್ಲಂಬರ್ ಬಂದು ತಲೆ ಕೆರೆದುಕೊಂಡು, "ಕಂಪನಿಯೋರು ಮಾಡಿರೋದೇ ಹಿಂಗೆ, ನಾನೇನ್ ಮಾಡ್ಲಿ?" ಎಂದು ಹೋದ. ನಾನು ನಿಮ್ಮ ಕಚೇರಿಗೆ ಫೋನು ಮಾಡಿದೆ. ಆ ಕಡೆಯ ಮಹನೀಯರು ಬಹಳ ಸೌಜನ್ಯದಿಂದ ಕೇಳಿಸಿಕೊಂಡರು.

"ಮೇಡಂ, ನಾವು ಎಷ್ಟು ನೀರು ಬೀಳುತ್ತೆ ಅಂತ ಅಳೀತೀವಿ, ಅಷ್ಟೇ. ಅದರ ಜೊತೆ ಇನ್ನೇನು ಹೋಗುತ್ತೆ, ಬಿಡುತ್ತೆ ಅನ್ನೋದು ನಮ್ಮ ವಿಭಾಗಕ್ಕೆ ಬರಲ್ಲ."

ಹಾಗಾದರೆ ಅದು ಯಾರ ವಿಭಾಗಕ್ಕೆ ಬರುತ್ತದೆ ಸ್ವಾಮಿ? ಕಮೋಡನ್ನು ಪರೀಕ್ಷೆ ಮಾಡುವಾಗ ಅದಕ್ಕೆ ಶುದ್ಧ ನೀರನ್ನಷ್ಟೇ ಕುಡಿಸಿ ಪಾಸು ಮಾಡುವ ಈ ಪದ್ಧತಿಯಲ್ಲಿ, ನಾನು ಸ್ಟೇರಿಂಗ್ ಮುಟ್ಟದವರಿಗೆಲ್ಲ ಲೈಸೆನ್ಸ್ ಕೊಡಿಸಬಹುದಿತ್ತಲ್ಲ?

ಒಂದು ಭಾನುವಾರ ಬೆಳಿಗ್ಗೆ ನಾನು ಪಾಠಕ್ಕೆ ಹೋಗಿದ್ದೆ, ನನ್ನ ಗಂಡ ಪೇಟೆಗೆ ಹೋಗಿದ್ದರು. ತಮ್ಮ ಒಬ್ಬನೇ ಇದ್ದ. ಕಮೋಡು ಕಟ್ಟಿಕೊಂಡಿತು. ಅವನು ಮತ್ತೆ ಒತ್ತಿದ. ನೀರು ಕೆಳಗಿಳಿಯುವ ಬದಲು ಮೇಲೇರಿತು, ಅಂಚು ದಾಟಿ ನೆಲಕ್ಕೆ ಹರಿಯಿತು. ನಾನು ಬಾಗಿಲು ತೆರೆದು ಒಳಗೆ ಬಂದಾಗ ಬಚ್ಚಲಿನಿಂದ ಕಮೋಡಿಗೆ ತಂತಿ ತುರುಕಿ ಕೆದಕುವ ಸದ್ದು ಕೇಳಿಸಿತು.

"ಒಳಗೆ ಬರಬೇಡ ಅಕ್ಕ," ಅವನು ಕೂಗಿದ. "ನಾನೇ ಕ್ಲೀನ್ ಮಾಡ್ತೀನಿ."

"ಮೊದಲು ಈಚೆ ಬಾ! ಕೈ ಹಾಕಬೇಡ!"

"ಎಲ್ಲಾ ನಿನ್ ಕೈಲೇ ಮಾಡಿಸ್ಕೋಬೇಕಾ ನಾನು?"

ಅವನಿಗೆ ನಾಚಿಕೆ. ಅಕ್ಕನ ಮೈಯಿಂದ ಒಂದು ಅಂಗವನ್ನೇ ಪಡೆದವನು ಅಕ್ಕನಿಂದ ಇದನ್ನೂ ತೊಳೆಸಿಕೊಳ್ಳಲು ಒಪ್ಪಲಿಲ್ಲ. ಚಿಲಕ ತೆಗೆದಾಗ ಅವನ ಪಾದ ಮುಳುಗುವಷ್ಟು ಕೊಳಕು ನೀರು, ಕೈಯಲ್ಲಿ ತುಕ್ಕುಹಿಡಿದ ತಂತಿ, ಬೆರಳಿನಿಂದ ರಕ್ತ. ಸಣ್ಣ ಗಾಯ. ಸೋಪು ಹಾಕಿ ತೊಳೆದೆ, ಔಷಧಿ ಹಚ್ಚಿದೆ, ಮತ್ತೆ ತೊಳೆದೆ. "ಬೆರಳೇ ಸವೆದು ಹೋಗುತ್ತೆ ಬಿಡೇ" ಎಂದು ನಗಿಸಲು ನೋಡಿದ.

ಎರಡು ದಿನ ಬಿಟ್ಟು ಚಳಿಜ್ವರ ಬಂತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವನ ಹಲ್ಲು ಕಟಕಟ ಅನ್ನುತ್ತಿದ್ದುದು ಕಾರಿನ ಇಂಜಿನ್ ಸದ್ದನ್ನೂ ಮೀರಿ ಕೇಳುತ್ತಿತ್ತು. ಸೋಂಕು ರಕ್ತಕ್ಕೆ ಇಳಿದಿದೆ ಅಂದರು. ಬೆರಳಿನಿಂದಲೇ ಬಂತೇ ಎಂದು ಕೇಳಿದೆ. ವೈದ್ಯೆ, "ಖಂಡಿತವಾಗಿ ಹೇಳೋಕಾಗಲ್ಲಮ್ಮ, ಆದ್ರೆ ನನಗೆ ಅನುಮಾನ ಅಲ್ಲೇ ಇದೆ," ಅಂದರು. ಆ ವಾರವೆಲ್ಲ ಮೂತ್ರಪಿಂಡ ಉಳಿಯುತ್ತದೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಹತ್ತಿರ ಕೊಡಲು ಇನ್ನೊಂದಿಲ್ಲ ಎಂಬುದನ್ನು ಆ ದಿನಗಳಲ್ಲಿ ನಾನು ಎಷ್ಟು ಸಲ ನೆನೆದೆನೋ! ಉಳಿಯಿತು. ಆದರೆ ಮೊದಲಿನಷ್ಟು ಗಟ್ಟಿಯಾಗಿಲ್ಲವಂತೆ.

ಮನೆಗೆ ಬಂದ ಮೇಲೆ ಕಂಡದ್ದು ನನ್ನನ್ನು ಇನ್ನೂ ಹೆದರಿಸಿತು. ಬಾಟಲಿಯಲ್ಲಿ ತುಂಬಿಟ್ಟ ನೀರು ಖಾಲಿಯಾಗುತ್ತಿತ್ತು, ಆದರೆ ಅವನ ತುಟಿ ಒಣಗಿ ಬಿರಿದಿತ್ತು. ಒಂದು ದಿನ ಕಿಟಕಿಯಿಂದ ನೋಡಿದೆ: ಬಾಟಲಿಯ ನೀರನ್ನು ಹೂವಿನ ಕುಂಡಕ್ಕೆ ಸುರಿಯುತ್ತಿದ್ದ. ಓಡಿಹೋಗಿ ಕೈ ಹಿಡಿದೆ. ತಲೆ ತಗ್ಗಿಸಿ ಹೇಳಿದ: "ಕುಡಿದ್ರೆ ಅಲ್ಲಿಗೆ ಹೋಗ್ಬೇಕಲ್ಲ ಅಕ್ಕ. ಆ ಹ್ಯಾಂಡಲ್ ಒತ್ತೋಕೆ ನಂಗೆ ಭಯ."

ಕುಡಿಯದಿದ್ದರೆ ಸಾವು, ಕುಡಿದರೆ ಭಯ. ಈ ಇಕ್ಕಟ್ಟನ್ನು ಸೃಷ್ಟಿಸಿದ ವಸ್ತುವಿನ ನೆತ್ತಿಯ ಮೇಲೆ ನಿಮ್ಮ ಹಸಿರು ಮುದ್ರೆ ಹೊಳೆಯುತ್ತಿತ್ತು.

ಅಂದೇ ತೀರ್ಮಾನಿಸಿದೆವು: ಕೆಲಸ ಮಾಡುವುದನ್ನು ಕಣ್ಣಾರೆ ನೋಡದೆ ಕೊಳ್ಳುವುದಿಲ್ಲ. ಅಂಗಡಿಯಲ್ಲಿ ತೋರಿಸುವುದಿಲ್ಲವಲ್ಲ, ಹಾಗಾಗಿ ಕಾರು ಕಲಿಯಲು ಬರುವವರ ಮನೆಗಳಿಗೇ ಹೋದೆವು. "ತಪ್ಪು ತಿಳ್ಕೋಬೇಡಿ, ನಿಮ್ಮ ಕಮೋಡು ನೋಡಬಹುದಾ?" ಎಂದು ಕೇಳುವಾಗ ನನ್ನ ಗಂಡ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ಕೆಲವರು ನಕ್ಕರು, ಒಬ್ಬರು ಬಾಗಿಲು ಹಾಕಿಕೊಂಡರು. ನೆನೆಸಿದ ಕಾಗದದ ಉಂಡೆಗಳನ್ನು ಚೀಲದಲ್ಲಿ ಒಯ್ದು, ಹಾಕಿ, ಒತ್ತಿ ನೋಡಿದೆವು. ಕೊನೆಗೆ, ನಿವೃತ್ತಿಯಾದ ಮೇಲೆ ಕಾರು ಕಲಿಯಲು ಹೊರಟ ದಾದಿಯೊಬ್ಬರ ಮನೆಯಲ್ಲಿ ಸಿಕ್ಕಿತು. ಒಳದಾರಿ ಅಗಲ, ನೀರು ಒಮ್ಮೆಲೇ ಧುಮುಕುತ್ತದೆ, ಒಂದೇ ಒತ್ತಿಗೆ ಎಲ್ಲ ಮಾಯ. "ಕೂರಿಸಿ ವರ್ಷಗಳಾದ್ವು, ಒಂದು ದಿನಾನೂ ಕೈಕೊಟ್ಟಿಲ್ಲ," ಅಂದರು ಅವರು. ನನ್ನ ತಮ್ಮ ತಾನೇ ಹ್ಯಾಂಡಲ್ ಒತ್ತಿದ. ಮತ್ತೊಮ್ಮೆ ಒತ್ತಿದ. ಆಮೇಲೆ ಅವರ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕೇಳಿ ಕುಡಿದ. ನಾನು ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡೆ.

ಅಂಥದ್ದನ್ನೇ ತಂದು ಕೂರಿಸಿದೆವು. ಹಳೆಯದರ ಅರ್ಧದಷ್ಟು ನೀರೂ ಅದಕ್ಕೆ ಬೇಡ. ಆದರೆ ನಿಮ್ಮ ಮಿತಿಗಿಂತ ಒಂದು ಲೋಟ ಹೆಚ್ಚು. ಆ ಒಂದು ಲೋಟಕ್ಕಾಗಿ ಮುದ್ರೆಯಿಲ್ಲ. ಮೂರು ಸಲ ಒತ್ತಿ, ಬಕೆಟ್ಟು ಹುಯ್ಯಿಸಿಕೊಳ್ಳುವ ಕಮೋಡು ನಿಮ್ಮ ಕಣ್ಣಿಗೆ ಮಿತವ್ಯಯಿ, ಒಂದೇ ಸಲಕ್ಕೆ ಕೆಲಸ ಮುಗಿಸುವುದು ಅಪರಾಧಿ. ಇದು ಯಾವ ಲೆಕ್ಕ? ನಿನ್ನೆ ಬಂದ ಪರಿವೀಕ್ಷಕರು ಒತ್ತಿ ನೋಡಿ, "ಚೆನ್ನಾಗಿ ಹೋಗುತ್ತಲ್ರೀ! ನಮ್ಮನೇಲೂ ಇಂಥದ್ದೇ ಬೇಕು," ಎಂದು ಮೆಚ್ಚಿ, ಆಮೇಲೆ ಅಂಟು ಹಚ್ಚಿ ಚೀಟಿ ಮೆತ್ತಿದರು. ನನ್ನ ತಮ್ಮ ಅದನ್ನು ಓದಿದ. ಇವತ್ತು ಬೆಳಿಗ್ಗೆಯಿಂದ ಅವನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇದೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಆ ಚೀಟಿಯನ್ನು ಹಿಂತೆಗೆದುಕೊಳ್ಳಿ. ಮುದ್ರೆ ಒತ್ತುವ ಮೊದಲು ಕಮೋಡಿನಲ್ಲಿ ನಿಜವಾಗಿ ಹೋಗಬೇಕಾದದ್ದು ಹೋಗುತ್ತದೆಯೇ ಎಂದು ಪರೀಕ್ಷಿಸಿ, ಒಂದೇ ಸಲಕ್ಕೆ ಹೋಗದಿದ್ದರೆ ಫೇಲು ಮಾಡಿ. ನೀರನ್ನು ಒಂದು ಒತ್ತಿನ ಲೆಕ್ಕದಲ್ಲಲ್ಲ, ಒಂದು ದಿನದ ಲೆಕ್ಕದಲ್ಲಿ ಅಳೆಯಿರಿ. ಇಷ್ಟಾಗಿಯೂ ಸಂಪರ್ಕ ಕಡಿಯಲೇಬೇಕೆಂದಿದ್ದರೆ ಬೇರೆ ಯಾರನ್ನೂ ಕಳಿಸಬೇಡಿ, ತಾವೇ ಬನ್ನಿ. ನಲ್ಲಿ ಮುಚ್ಚುವ ಮೊದಲು ನನ್ನ ತಮ್ಮನ ಎದುರು ಕೂತು, ಇನ್ನು ಮೇಲೆ ಅವನು ದಿನಕ್ಕೆ ಎಷ್ಟು ನೀರು ಕುಡಿಯಬಹುದು ಎಂದು ನಿಮ್ಮ ಬಾಯಿಂದಲೇ ಹೇಳಿ ಹೋಗಿ.

ಇಂತಿ,
ಇವತ್ತಿನ ಮಟ್ಟಿಗೆ ನಲ್ಲಿಯಲ್ಲಿ ನೀರು ಬರುತ್ತಿರುವ ಮನೆಯ
ಒಬ್ಬ ಅಕ್ಕ